ತಲೆ ನೋಡುವ ಹೊತ್ತು

ನನ್ನವ್ವ ನನ್ನ ತಲೆ ನೋಡುತ್ತಿದ್ದ ಮಧ್ಯಾಹ್ನಗಳು ಈಗಲೂ ಹಗಲಲ್ಲೇ ಕನಸಿನ ಹಾಗೆ ಬಂದು ಹೋಗುತ್ತವೆ. ತಲೆ ನೋಡುವುದು ಎಂದರೆ ನಮ್ಮ ಕಡೆ ಹೇನು, ಸೀರು ಹೆಕ್ಕುವುದು. ಹೇನು ಎಲ್ಲರಿಗೂ ಗೊತ್ತು. ಸೀರು ಅದರ ಮೊಟ್ಟೆ. ಗಸಗಸೆಗಿಂತ ಸಣ್ಣದು, ಆದರೆ ಕೂದಲಿಗೆ ಕಚ್ಚಿಕೊಂಡಿತೆಂದರೆ ನೀರಿಗೂ ಬಿಡುವುದಿಲ್ಲ, ಸೀಗೆಪುಡಿಗೂ ಬಿಡುವುದಿಲ್ಲ. ಉಗುರೇ ಬೇಕು.

ನಾನು ಹುಟ್ಟಿದ್ದು ಕೃಷ್ಣಗಿರಿ ಕಡೆಯ ಒಂದು ಹಳ್ಳಿಯಲ್ಲಿ. ಮನೆ ಮುಂದೆ ಮಾವಿನ ಮರ. ಉಂಡು ಪಾತ್ರೆ ಬೆಳಗಿದ ಮೇಲೆ ಅದರ ನೆರಳು ಜಗಲಿಯ ಮೇಲೆ ಒಂದು ಚಾಪೆಯಷ್ಟು ಬೀಳುತ್ತಿತ್ತು. ಹೆಂಗಸರು ಆ ನೆರಳಿನೊಳಗೆ ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದರು. ಮುಂದಿನವಳ ತಲೆ ಹಿಂದಿನವಳ ಕೈಯಲ್ಲಿ. ಎಲ್ಲರಿಗಿಂತ ಮುಂದೆ ನಾನು. ಚಿಕ್ಕವಳಾದ್ದರಿಂದ ನನ್ನ ಕೈಗೆ ಯಾರ ತಲೆಯೂ ಇರುತ್ತಿರಲಿಲ್ಲ, ಸುಮ್ಮನೆ ಕೂತಿದ್ದರೆ ಆಯಿತು. ಅವ್ವನ ಬೆರಳು ಬೈತಲೆಯಿಂದ ಹೊರಟು ಕಿವಿಯ ಹಿಂದಕ್ಕೆ ಬರುತ್ತಿತ್ತು, ಅಲ್ಲಿ ನಿಲ್ಲುತ್ತಿತ್ತು, ಎರಡು ಹೆಬ್ಬೆರಳುಗಳ ಉಗುರು ಸೇರಿ ಟಿಕ್ ಎನ್ನುತ್ತಿತ್ತು. ಮತ್ತೆ ಹೊರಡುತ್ತಿತ್ತು. ಟಿಕ್. ಮೂರನೇ ನಾಲ್ಕನೇ ಟಿಕ್‌ಗೆ ನನ್ನ ಕಣ್ಣು ತೇಲುತ್ತಿತ್ತು. ಹಿಂದೆ ಕೂತವರ ಮಾತು ಬಾವಿಯೊಳಗಿಂದ ಬಂದ ಹಾಗೆ ದೂರ ದೂರ ಕೇಳುತ್ತಿತ್ತು. ಮರದ ನೆರಳು ಅಲ್ಲಾಡಿದರೆ ಜಗಲಿಯೇ ಅಲ್ಲಾಡಿದಂತೆ, ನಾವೆಲ್ಲ ಸಾಲಾಗಿ ಕೂತು ಎಲ್ಲಿಗೋ ಹೋಗುತ್ತಿರುವಂತೆ. ಅಂಥ ಸುಖ ಆಮೇಲೆ ನನಗೆ ಯಾವುದರಲ್ಲೂ ಸಿಕ್ಕಿಲ್ಲ. ಮದುವೆಯಲ್ಲೂ ಸಿಕ್ಕಿಲ್ಲ.

ಆ ಜಗಲಿಗೆ ಒಂದು ಕಟ್ಟಳೆ ಇತ್ತು. ಜಗಳವಾಡಿದವರು ಒಬ್ಬರ ತಲೆ ಒಬ್ಬರು ನೋಡುವ ಹಾಗಿಲ್ಲ. ಜಗಳ ಸಾಕೆನಿಸಿದಾಗ, ತಪ್ಪು ಯಾರದೋ ಅವರು ಬಂದು ತುರುಬು ಬಿಚ್ಚಿ, ಇನ್ನೊಬ್ಬಳ ಮುಂದೆ ಬೆನ್ನು ಮಾಡಿ ಕೂರಬೇಕು. ಆಕೆ ಕೈ ಹಾಕಿದಳೋ, ಮುಗಿಯಿತು. ನಮ್ಮ ದೊಡ್ಡವ್ವನಿಗೂ ಅವ್ವನಿಗೂ ಒಂದು ಒನಕೆಯ ದೆಸೆಯಿಂದ ಒಂದು ಅವರೆಕಾಯಿ ಕಾಲದಿಂದ ಇನ್ನೊಂದು ಅವರೆಕಾಯಿ ಕಾಲದವರೆಗೆ ಮಾತಿರಲಿಲ್ಲ. ಒಂದು ಮಧ್ಯಾಹ್ನ ದೊಡ್ಡವ್ವ ಬಂದಳು, ನನ್ನನ್ನು ಮೊಣಕೈಯಿಂದ ಅತ್ತ ತಳ್ಳಿದಳು, ತುರುಬು ಬಿಚ್ಚಿ ಅವ್ವನ ಮುಂದೆ ಕೂತಳು. ಅವ್ವನ ಎರಡು ಕೈಯೂ ಗಾಳಿಯಲ್ಲೇ ಒಂದು ಗಳಿಗೆ ನಿಂತವು. ಆಮೇಲೆ ಕೂದಲೊಳಗೆ ಇಳಿದವು. ತಪ್ಪಾಯಿತು ಎನ್ನುವ ಮಾತನ್ನು ಆ ಜಗಲಿಯ ಮೇಲೆ ನಾನು ಕೇಳಿಯೇ ಇಲ್ಲ. ಅದಕ್ಕೆ ಬಾಯಿ ಬೇಕಾಗಿರಲಿಲ್ಲ, ತುರುಬು ಸಾಕಿತ್ತು.

ಈಗ ನಾನು ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಮಗ ಫ್ಯಾಕ್ಟರಿಯವನು. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು; ಎದ್ದಿರುವ ಅವನನ್ನು ನಾನು ನೋಡುವುದೇ ಕಡಿಮೆ. ಸೊಸೆ ಹೊಸೂರು ಪೇಟೆಯವಳು, ಮೇಷ್ಟರ ಮನೆತನ. ಅವಳೂ ಒಂದು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾಳೆ. ಹನ್ನೊಂದು ವರ್ಷದ ಮೊಮ್ಮಗಳು ಅದೇ ಶಾಲೆಗೆ ಹೋಗುತ್ತಾಳೆ. ಅವಳ ಕೂದಲು ಸೊಂಟ ಮುಟ್ಟುತ್ತದೆ. ಹುಟ್ಟಿದಾಗಿನಿಂದ ಅದಕ್ಕೆ ಎಣ್ಣೆ ಹಚ್ಚಿದವಳು ನಾನು. ಈ ಮನೆಯಲ್ಲಿ ನಾನು ಬೆಳೆಸಿದ್ದು ಎರಡೇ, ಕುಂಡದಲ್ಲಿ ಒಂದು ಕರಿಬೇವಿನ ಗಿಡ, ಇನ್ನೊಂದು ಅವಳ ಕೂದಲು. ಕರಿಬೇವು ಸತ್ತಿತು.

ನಾನು ತಪ್ಪು ಎತ್ತಿ ಆಡುವವಳು ಹೌದು. ಮುದ್ದೆಯಲ್ಲಿ ಗಂಟಿದ್ದರೆ ಗಂಟಿದೆ ಎನ್ನುತ್ತೇನೆ. ಇಲ್ಲದ ಗಂಟನ್ನು ನಾನು ಹುಟ್ಟಿಸುವುದಿಲ್ಲ. ಒಂದು ದಿನ ಬೆಳಗ್ಗೆ ಸೊಸೆ ಮೂರು ಡಬ್ಬಿ ಕಟ್ಟುತ್ತಾ ಗಡಿಯಾರ ನೋಡುತ್ತಾ ಓಡಾಡುತ್ತಿದ್ದಳು. ನಾನು ಕೂತಲ್ಲಿಂದಲೇ ಹೇಳಿದೆ.

"ಚಟ್ನೀಗೆ ಉಪ್ಪು ಮುಂದಾಗೈತೆ. ಆ ಡಬ್ಬಿ ಮುಚ್ಚಳ ಸರ್ಯಾಗಿ ಕೂತಿಲ್ಲ. ಮಗೀಗೆ ಒಂದು ಜಡೆ ಮೇಲೆ, ಒಂದು ಕೆಳಗೆ ಹಾಕಿದ್ದೀಯ, ತಕ್ಕಡಿ ಇದ್ದಂಗೈತೆ."

ಸೊಸೆ ತಿರುಗಿ ನಿಂತಳು. "ಅತ್ತೆ, ಬೆಳಗ್ಗೆ ಬೆಳಗ್ಗೆ ನಿಟ್‌ಪಿಕ್ ಮಾಡ್ಬೇಡಿ. ಕೈ ಮುಗೀತೀನಿ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಇಬ್ಬರೂ ಹೊರಟುಹೋದರು. ಆ ಮಾತು ಮಾತ್ರ ಮನೆಯಲ್ಲಿ ಉಳಿಯಿತು. ನಾನು ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. ಇಂಗ್ಲಿಷಿನಲ್ಲಿ ಬಸ್ಸು, ಬಿಲ್ಲು, ಶಿಫ್ಟು ಗೊತ್ತು. ಬೈದರೆ ಏನು ಬೈದರೆಂದು ತಿಳಿಯಬೇಕಲ್ಲ. ಸಂಜೆ ಹುಡುಗಿ ಬಂದ ಮೇಲೆ ಕೇಳಿದೆ.

"ನಿಮ್ಮಮ್ಮ ಬೆಳಗ್ಗೆ ನಂಗೆ ಏನೋ ಅಂದ್ಳಲ್ಲ, ಏನೇ ಅದು?"

"ಅದಾ? ಚಿಕ್ ಚಿಕ್ಕದಕ್ಕೆಲ್ಲಾ ತಪ್ಪು ಹುಡುಕೋದು ಅಂತ ಅಜ್ಜಿ."

"ಅದು ನಂಗೊತ್ತಾಯ್ತು, ಅವ್ಳ ಮುಖದಲ್ಲೇ ಬರೆದಿತ್ತು. ಆ ಪದ ಬಿಡಿಸಿ ಹೇಳು. ನಿಟ್ಟು ಅಂದ್ರೇನು, ಪಿಕ್ಕು ಅಂದ್ರೇನು?"

ಅವಳು ಫೋನಿನಲ್ಲಿ ಹುಡುಕಿದಳು. ಓದುತ್ತಾ ಓದುತ್ತಾ ಅವಳ ಮುಖ ಅರಳಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಬಿದ್ದಳು.

"ಅಜ್ಜಿ! ನಿಟ್ ಅಂದ್ರೆ ಹೇನಿನ ಮೊಟ್ಟೆಯಂತೆ! ಪಿಕ್ ಅಂದ್ರೆ ಹೆಕ್ಕೋದು!"

"ಸೀರು ಹೆಕ್ಕೋದಾ?"

"ಹೂಂ. ಮಂಗಗಳು ಕೂತ್ಕೊಂಡು ಮಾಡ್ತವಲ್ಲ, ಹಾಗೆ."

"ಮಂಗ ನಿಮ್ಮಪ್ಪ. ಹಳೇ ಮಾತಾ ಅದು?"

"ಇಲ್ಲ ಅಜ್ಜಿ, ಎಪ್ಪತ್ತು ವರ್ಷದ್ದು ಇರ್ಬೋದಂತೆ. ಅಮೆರಿಕದ ಮಿಲಿಟರಿ ಆಫೀಸಿನಲ್ಲಿ ಶುರುವಾಯ್ತು ಅಂತ ಇದೆ. ಫೈಲಲ್ಲಿ ಚುಕ್ಕೆ ತಪ್ಪು, ಗೆರೆ ತಪ್ಪು ಅಂತ ಪೀಡಿಸ್ತಿದ್ದೋರಿಗೆ ಅಂದಿದ್ದು."

"ಹಂಗಾದ್ರೆ ನನ್ನ ಓರಗೆಯೋವ್ನೇ ಅನ್ನು."

ನಗುವುದಕ್ಕೆ ನಾನೂ ನಕ್ಕೆ. ಆದರೆ ಒಪ್ಪಲಿಲ್ಲ. ಫೈಲು ಹಿಡಿದು ಕೂತ ಆ ಗಂಡಸರಿಗೆ ಸೀರಿನ ವಿಷಯ ಏನು ಗೊತ್ತಿದ್ದೀತು? ಫೈಲಿನಲ್ಲಿ ಒಂದು ಚುಕ್ಕೆ ಬಿಟ್ಟರೆ ಅದು ಅಲ್ಲೇ ಬಿದ್ದಿರುತ್ತದೆ, ಮರಿ ಹಾಕುವುದಿಲ್ಲ. ತಲೆಯಲ್ಲಿ ಒಂದು ಸೀರು ಬಿಟ್ಟರೆ ಹದಿನೈದು ದಿನಕ್ಕೆ ಸಂಸಾರ ಹೂಡಿರುತ್ತದೆ. ಮೂರು ಗಂಟೆ ಕತ್ತು ಬಗ್ಗಿಸಿ ಕೂತು, ಬೇರೆಯವರ ತಲೆಯನ್ನು ಎಳೆ ಎಳೆಯಾಗಿ ನೋಡುವ ಕೆಲಸವನ್ನು ಬೈಗುಳ ಮಾಡಿಟ್ಟುಕೊಂಡಿದ್ದಾರಲ್ಲ ಎನ್ನಿಸಿತು. ಅವರ ತಲೆಯನ್ನು ಯಾರೂ ನೋಡಿರಲಿಕ್ಕಿಲ್ಲ.

ಮಾರನೆಯ ದಿನ ಕಾಂಪೌಂಡಿನ ಆಚೆಯ ತಮಿಳಾಕೆಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನ ಕಡೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ.

"ಅಯ್ಯೋ ಅಕ್ಕಾ, ಇದು ನಮ್ ತಮಿಳಲ್ಲೂ ಇದೆ," ಎಂದಳು ಬಟ್ಟೆ ಹಿಂಡುತ್ತಾ. "ಈರೈ ಪೇನಾಕ್ಕಿ, ಪೇನೈ ಪೆರುಮಾಳಾಕ್ಕುರದು ಅಂತ."

ಸೀರನ್ನು ಹೇನು ಮಾಡಿ, ಹೇನನ್ನು ಪೆರುಮಾಳ್ ದೇವರಷ್ಟು ದೊಡ್ಡದು ಮಾಡುವುದು. ಸಣ್ಣದನ್ನು ಹಿಗ್ಗಿಸಿ ಆಡುವವರಿಗೆ ಅವರು ಹಾಗನ್ನುತ್ತಾರೆ.

"ನಾನೂ ಹಂಗೇನಾ?" ಎಂದೆ.

"ಕೊಂಜಂ," ಎಂದಳು. ಸ್ವಲ್ಪ ಎಂದು. ಹೇಳಿ ಹಲ್ಲು ಬಿಟ್ಟಳು.

ಎರಡು ಭಾಷೆಯಲ್ಲಿ ಅನ್ನಿಸಿಕೊಂಡ ಮೇಲೆ ಇನ್ನು ಸಾಕು ಎಂದುಕೊಂಡೆ. ಬಾಯಿ ಹೊಲಿದುಕೊಂಡೆ. ಆ ಮನೆಯಲ್ಲಿ ಯಾವುದರ ಬಗ್ಗೆಯೂ ತಪ್ಪು ಎನ್ನುವುದಿಲ್ಲ ಎಂದು ಹಟ ಹಿಡಿದೆ.

ಆ ದಿನಗಳು ನೀರಿನೊಳಗೆ ಕೂತು ನೋಡಿದ ಹಾಗಿದ್ದವು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಮನೆ ನನ್ನ ಮುಂದೆ ಮೆಲ್ಲಗೆ ತೇಲಿಹೋಗುತ್ತಿತ್ತು. ಹಾಲು ಉಕ್ಕಿ ಒಲೆಗೆ ಸುರಿಯಿತು. ಬೆಳ್ಳಗೆ, ಚೆನ್ನಾಗಿಯೇ ಕಂಡಿತು. ನಲ್ಲಿ ತೊಟ್ಟಿಕ್ಕುತ್ತಿತ್ತು, ಮಧ್ಯಾಹ್ನವೆಲ್ಲ ಅದನ್ನೇ ಕೇಳಿದೆ. ಫ್ಯಾಕ್ಟರಿ ಬಸ್ಸು ತಿರುವಿನಲ್ಲಿ ಬಂದು ನಿಂತು, ಉಸಿರು ಬಿಟ್ಟು, ಹೋಗುತ್ತಿತ್ತು. ಗೋಡೆಯ ಮೇಲಿನ ಬಿಸಿಲು ಕ್ಯಾಲೆಂಡರಿನಿಂದ ಇಳಿದು ಫ್ರಿಜ್ಜಿನವರೆಗೆ ಬಂದು ಸಾಯುತ್ತಿತ್ತು. ತಪ್ಪುಗಳು ಬೂರುಗದ ಹತ್ತಿಯ ಹಾಗೆ ಕಣ್ಣ ಮುಂದೆ ಹಾರಾಡುತ್ತಿದ್ದವು, ನಾನು ಒಂದನ್ನೂ ಹಿಡಿಯಲಿಲ್ಲ. ಮಗ ಒಂದು ದಿನ ನಿಂತು ನೋಡಿದ.

"ಏನವ್ವಾ, ಮೈ ಸರಿ ಇಲ್ವಾ?"

"ಚೆಂದಾಗೇ ಇವ್ನಿ, ಹೋಗ್ಲಾ."

ಸೊಸೆ ಮೊದಲೆರಡು ದಿನ ನನ್ನನ್ನು ಅನುಮಾನದಿಂದ ನೋಡಿದಳು. ಆಮೇಲೆ ಅವಳ ಭುಜ ಇಳಿಯಿತು, ಅಡುಗೆಮನೆಯಲ್ಲಿ ಏನೋ ಗುನುಗತೊಡಗಿದಳು. ಅವಳು ಗುನುಗಿದ್ದು ನನಗೆ ಹಿಡಿಸಲಿಲ್ಲ.

ಅದೇ ಹೊತ್ತಿಗೆ ಮೊಮ್ಮಗಳು ತಲೆ ಕೆರೆದುಕೊಳ್ಳಲು ಶುರು ಮಾಡಿದಳು. ಸೊಸೆ ಅಂಗಡಿಯಿಂದ ಹೇನಿನ ಔಷಧಿ ತಂದು, ಒಂದು ಭಾನುವಾರ ಹಚ್ಚಿ ತೊಳೆದಳು. ಬಿಳೀ ಟವೆಲ್ಲಿನ ಮೇಲೆ ಹೇನು ಸತ್ತು ಬಿದ್ದಿದ್ದವು. "ಎಲ್ಲಾ ಹೋಯ್ತು," ಎಂದು ಟವೆಲ್ಲು ಕೊಡವಿದಳು. ಹುಡುಗಿ ಕೂದಲು ಒಣಗಿಸಲು ಬಂದು ಬಾಗಿಲಲ್ಲಿ, ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಳು. ಬಿಸಿಲು ಅವಳ ಹಿಂದಿನಿಂದ ಬರುತ್ತಿತ್ತು. ಹಸಿ ಕೂದಲು ಎಳೆ ಎಳೆಯಾಗಿ ಹೊಳೆಯುತ್ತಿತ್ತು. ಕಿವಿಯ ಹಿಂದೆ, ಬುಡಕ್ಕೆ ಹತ್ತಿರದಲ್ಲಿ, ಕಂದು ಬಣ್ಣದ ಸೀರು ಕಂಡವು. ತೆಳ್ಳಗೆ ಬೆಳ್ಳಗಿದ್ದರೆ ಅದು ಬರಿ ಸಿಪ್ಪೆ. ಕಂದಾಗಿ ಬುಡದಲ್ಲಿದ್ದರೆ ಜೀವ ಇರುವುದು. ಔಷಧಿಗೆ ಹೇನು ಸಾಯುತ್ತದೆ, ಸೀರೆಲ್ಲ ಸಾಯುವುದಿಲ್ಲ. ಇದು ನಮ್ಮ ಜಗಲಿಯ ಮೇಲೆ ಆಡುವ ಮಕ್ಕಳಿಗೂ ಗೊತ್ತಿತ್ತು.

ಬಾಯಿ ತೆರೆದೆ. ಮುಚ್ಚಿದೆ.

ಯಾಕೆ ಮುಚ್ಚಿದೆ ಎಂದು ಬರೆಯಬೇಕಾದರೆ, ಹಟವೊಂದೇ ಅಲ್ಲ. ಅವಳಿಗೇ ಗೊತ್ತಾಗಲಿ ಎಂಬ ಒಂದು ಸಣ್ಣ ಖುಷಿಯೂ ಇತ್ತು. ಅದನ್ನು ನಾಲಗೆಯ ಕೆಳಗೆ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಕೂತಿದ್ದೆ.

ಹನ್ನೆರಡು ದಿನ ಕಳೆಯಿತು. ಒಂದು ಶುಕ್ರವಾರ ತಾಯಿ ಮಗಳು ಇಬ್ಬರೂ ಮಧ್ಯಾಹ್ನಕ್ಕೇ ಮನೆಗೆ ಬಂದರು. ಕ್ಲಾಸಿನಲ್ಲಿ ಹುಡುಗಿಯ ಭುಜದ ಮೇಲೆ ಹೇನು ಹರಿಯುವುದನ್ನು ಪಕ್ಕದವಳು ಕಂಡು ಕಿರುಚಿದ್ದಳು. ಹುಡುಗಿಯನ್ನು ಮೂಲೆಯ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿದ್ದರು. ಸೋಮವಾರ ತಲೆ ಚೊಕ್ಕಟವಾಗಿದ್ದರೆ ಮಾತ್ರ ಒಳಗೆ ಎಂದು ಹೇಳಿ ಕಳಿಸಿದ್ದರು. ಟೀಚರ ಮಗಳು ಬೇರೆ. ಸೊಸೆ ಚಪ್ಪಲಿ ಬಿಡುತ್ತಲೇ ಹೇಳಿದಳು.

"ನಾಳೆ ಐದು ಗಂಟೆಗೆ ಪಾರ್ಲರ್‌ಗೆ ಹೇಳಿದೀನಿ. ಕಿವಿವರೆಗೆ ಕಟ್ ಮಾಡ್ಸೋದೇ. ಇಷ್ಟು ಕೂದಲು ನೋಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಹುಡುಗಿ ಅಳಲಿಲ್ಲ. ಜಡೆಯನ್ನು ಎದೆಯ ಮೇಲೆ ಹಾಕಿಕೊಂಡು, ಎರಡೂ ಕೈಯಲ್ಲಿ ಕೋಳಿಮರಿ ಹಿಡಿದ ಹಾಗೆ ಹಿಡಿದುಕೊಂಡು ಕೂತಳು. ರಾತ್ರಿ ಉಣ್ಣಲಿಲ್ಲ. ಬೆಳಗ್ಗೆಯೂ ತಟ್ಟೆ ಹಾಗೇ ಇತ್ತು. ನನ್ನ ನಾಲಗೆಯ ಕೆಳಗಿನ ಕಲ್ಲುಸಕ್ಕರೆ ಕಹಿಯಾಗಿತ್ತು.

ಶನಿವಾರ ಒಂದೂವರೆ ಗಂಟೆ. ಮಗ ಶಿಫ್ಟಿಗೆ ಹೋಗಿದ್ದ. ಸೊಸೆ ಮೇಜಿನ ಮುಂದೆ ಮಕ್ಕಳ ನೋಟ್‌ಬುಕ್ಕುಗಳಿಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದಳು. ಎದುರಿಗೆ ಹೋಗಿ ನಿಂತೆ.

"ಅವತ್ತೇ ನಾನು ನೋಡಿದ್ದೆ," ಎಂದೆ.

"ಏನ್ ನೋಡಿದ್ರಿ?"

"ಸೀರು. ನೀನು ಔಷದಿ ಹಾಕಿ ತೊಳೆದ ದಿವ್ಸ. ಕಿವಿ ಹಿಂದೆ ಇದ್ವು. ಜೀವ ಇರೋವು."

ಪೆನ್ನು ನಿಂತಿತು. "ಎರಡು ವಾರದ ಹಿಂದೆನಾ? ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹೇಳ್ಬೋದಿತ್ತು."

"ಮತ್ತೆ?"

"ತಪ್ಪು ಹುಡುಕ್ಬೇಡಿ ಅಂದಿದ್ದೆಯಲ್ಲ. ನಿನ್ನ ಮೇಲೆ ಸಿಟ್ಟಿತ್ತು. ಬುಟ್ಬುಟ್ಟೆ."

ಅವಳು ನನ್ನನ್ನೇ ನೋಡಿದಳು. "ಉಪ್ಪು ಜಾಸ್ತಿ ಅಂತ ದಿನಾ ಹೇಳ್ತೀರಿ. ಹೇಳ್ಲೇಬೇಕಾಗಿದ್ದನ್ನ ಹೇಳ್ಲಿಲ್ಲ. ಮಗು ಒಬ್ಳೇ ಆ ಬೆಂಚಲ್ಲಿ ಕೂತಿದ್ಲು ಅತ್ತೆ. ನಾನು ಕಿಟಕಿಯಿಂದ ನೋಡ್ದೆ."

ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕೂಗಾಡಲಿಲ್ಲ.

"ಐದು ಗಂಟೆವರ್ಗೂ ಟೈಮೈತೆ," ಎಂದೆ. "ಹೆಕ್ಕಿ ನೋಡ್ತೀನಿ. ಆಮೇಲೂ ಒಂದು ಸಿಕ್ಕಿದ್ರೆ ನೀನು ಬೋಳಿಸು, ನಾನು ಕೇಳಲ್ಲ."

ಹಿಂದಿನ ಮೆಟ್ಟಿಲ ಮೇಲೆ ಬಿಸಿಲಿತ್ತು. ನನ್ನ ಪೆಟ್ಟಿಗೆಯಿಂದ ಅವ್ವನ ಸೀರಣಿಗೆ ತೆಗೆದೆ, ಒತ್ತು ಹಲ್ಲಿನ ಮರದ ಹಣಿಗೆ. ಹಿಂದೆಲ್ಲ ಸೀತಾಫಲದ ಬೀಜ ಅರೆದು ಹಚ್ಚುತ್ತಿದ್ದೆವು. ಅದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ, ಅದು ಬೇಡ ಎಂದು ಕೊಬ್ಬರಿ ಎಣ್ಣೆ ಸುರಿದೆ. ಹುಡುಗಿಯನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡು ಬೈತಲೆ ತೆಗೆದೆ. ಬೆರಳಿಗೆ ಎಲ್ಲ ನೆನಪಿತ್ತು. ಆದರೆ ಕಣ್ಣು ಬೇರೆ ಕಣ್ಣಾಗಿತ್ತು. ದೂರದ್ದು, ಬಿಸಿಲಿಗೆ ಹಿಡಿದದ್ದು ಕಾಣುತ್ತದೆ. ಮೂಗಿನ ಕೆಳಗಿನದು ಮಸಕು. ತಡವಿ ತಡವಿ, ಉಗುರಿಗೆ ತಾಗಿದ್ದನ್ನು ಎಳೆಯತೊಡಗಿದೆ. ಒಂದು ಹಿಡಿ ಕೂದಲು ಮುಗಿಸುವಷ್ಟರಲ್ಲಿ ಎರಡೂವರೆ ಆಯಿತು. ಇನ್ನೂ ಅಷ್ಟೊಂದು ಕೂದಲಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಸೊಸೆ ಕನ್ನಡಕ ಹಾಕಿಕೊಂಡು ನಿಂತಿದ್ದಳು.

"ಹೇಗೆ ತೆಗೀಬೇಕು, ತೋರ್ಸಿ."

"ಎಳೆ ಹಿಡಿ. ಬುಡದಲ್ಲಿ ಉಗುರು ಕೊಡು. ಹಂಗೇ ತುದೀವರ್ಗೂ ಜಾರಿಸ್ಕೊಂಡು ಬಾ. ಮಧ್ಯ ಬಿಟ್ರೆ ಅಲ್ಲೇ ಕೂತ್ಕತ್ತೈತೆ."

ಅವಳು ಪಕ್ಕದಲ್ಲಿ ಕೂತಳು. ಎಡಗಡೆ ನನ್ನದು, ಬಲಗಡೆ ಅವಳದು. ಪೇಟೆಯ ಮೇಷ್ಟರ ಮಗಳು ಬೇಗ ಕಲಿತಳು. ನೋಟ್‌ಬುಕ್ಕಿನಲ್ಲಿ ತಪ್ಪು ಹುಡುಕಿದ ಕಣ್ಣು. ಸ್ವಲ್ಪ ಹೊತ್ತಿಗೆ ತನ್ನ ಪಾಲು ಬಿಟ್ಟು ನನ್ನ ಪಾಲಿಗೂ ಬಗ್ಗಿದಳು.

"ಅತ್ತೆ, ಇಲ್ಲೊಂದು ಬಿಟ್ಟಿದೀರ."

"ಎಲ್ಲಿ?"

"ಇಲ್ಲಿ. ಇಲ್ಲಿನ್ನೊಂದು. ಏನತ್ತೆ, ಇಷ್ಟು ದಪ್ಪದ್ದು ಬಿಟ್ಟಿದೀರ!"

ಕೆಳಗಿನಿಂದ ಹುಡುಗಿ, "ಅಮ್ಮಾ, ಅಜ್ಜೀನ ನಿಟ್‌ಪಿಕ್ ಮಾಡ್ಬೇಡ," ಎಂದಳು.

ಶಾಲೆಯಿಂದ ಬಂದ ಮೇಲೆ ಅವಳು ಆಡಿದ ಮೊದಲ ಮಾತು. ಸೊಸೆಯ ಕೈ ಒಂದು ಗಳಿಗೆ ನಿಂತಿತು. ಅವಳ ಮೂಗಿನಿಂದ ನಗು ಹೊರಬಿತ್ತು. ಟಿಕ್. ಟಿಕ್. ಆಚೆ ಮನೆಯ ಗುಲಾಬಿ ಕುಂಡಗಳಿಗೆ ನೀರು ಬಿಟ್ಟ ಮಣ್ಣಿನ ವಾಸನೆ ಬರುತ್ತಿತ್ತು. ಹುಡುಗಿಯ ಕತ್ತು ಮೆಲ್ಲಗೆ ಒಂದು ಕಡೆಗೆ ವಾಲಿತು. ಅವಳ ಕಣ್ಣು ತೇಲುತ್ತಿದೆ ಎಂದು ಮುಖ ನೋಡದೆಯೇ ನನಗೆ ಗೊತ್ತಾಯಿತು. ನಮ್ಮ ಮಾತು ಅವಳಿಗೆ ಬಾವಿಯೊಳಗಿಂದ ಕೇಳುತ್ತಿರಬೇಕು. ಬಿಸಿಲು ಒಂದೊಂದೇ ಮೆಟ್ಟಿಲು ಇಳಿಯಿತು, ನಾವೂ ಅದರ ಜೊತೆಗೆ ಒಂದೊಂದು ಮೆಟ್ಟಿಲು ಇಳಿದೆವು. ನನ್ನ ಕೈ ನನ್ನದೋ ಅವ್ವನದೋ ಎಂದು ನಡುವೆ ಒಮ್ಮೆ ಗೊಂದಲವಾಯಿತು.

ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಸೊಸೆ ಬಿಳೀ ಪಂಚೆ ಹಾಸಿ, ಹುಡುಗಿಯ ತಲೆ ಬಗ್ಗಿಸಿ, ಸೀರಣಿಗೆಯಲ್ಲಿ ಬುಡದಿಂದ ತುದಿಯವರೆಗೆ ಬಾಚಿದಳು. ಪಂಚೆಯನ್ನು ಬೆಳಕಿಗೆ ಹಿಡಿದಳು. ಮತ್ತೆ ಬಾಚಿದಳು. ಮತ್ತೆ ಹಿಡಿದಳು. ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಸೊಸೆ ಫೋನು ತೆಗೆದುಕೊಂಡಳು. "ಇವತ್ತು ಬರೋಕಾಗಲ್ಲ," ಎಂದಳು ಪಾರ್ಲರಿನವರಿಗೆ. ಫೋನಿಟ್ಟು ನನ್ನ ಕಡೆ ತಿರುಗಿದಳು. "ಇಷ್ಟಕ್ಕೇ ಮುಗೀತಾ?"

"ಎಲ್ಲಿ ಮುಗೀತೈತೆ? ನಾಳೆ ನೋಡ್ಬೇಕು, ನಾಡಿದ್ದು ನೋಡ್ಬೇಕು. ಎರಡು ವಾರ ದಿನಾ ನೋಡ್ಬೇಕು. ಔಷದಿ ಇನ್ನೊಂದ್ ಸಲ ಹಾಕು, ಆ ಡಬ್ಬಿ ಮೇಲೇ ಬರ್ದಿರ್ತಾರೆ, ನೀನು ಓದಿರಾಕಿಲ್ಲ."

"ಓದಿಲ್ಲ," ಎಂದಳು.

ಹುಡುಗಿ ಜಡೆ ಬೀಸಿಕೊಂಡು ಒಳಗೆ ಓಡಿದಳು. ತಟ್ಟೆ ಎಳೆದ ಸದ್ದು ಕೇಳಿತು. ಸೊಸೆ ಪಂಚೆ ಮಡಿಸುತ್ತಾ ಮೆಟ್ಟಿಲ ಮೇಲೇ ಕೂತಿದ್ದಳು. ನಾನು ಏಳಬೇಕೆಂದು ಗೋಡೆಗೆ ಕೈ ಕೊಟ್ಟೆ. ಎದ್ದೆ. ಆಮೇಲೆ ಒಳಗೆ ಹೋಗಲಿಲ್ಲ. ಎರಡು ಮೆಟ್ಟಿಲು ಇಳಿದು, ಅವಳಿಗೆ ಬೆನ್ನು ಮಾಡಿ ಕೂತೆ. ತುರುಬು ಬಿಚ್ಚಿದೆ. ಅದರಲ್ಲಿ ಈಗ ಬಿಚ್ಚುವುದಕ್ಕೆ ಏನೂ ಇಲ್ಲ, ಬೆಳ್ಳಗೆ ಬೆರಳು ದಪ್ಪ.

ಅವಳಿಗೆ ನಮ್ಮ ಜಗಲಿಯ ಕಟ್ಟಳೆ ಗೊತ್ತಿಲ್ಲ. ನಾನು ಯಾವತ್ತೂ ಹೇಳಿರಲಿಲ್ಲ.

"ಏನತ್ತೆ, ನಿಮಗೂ ಹತ್ತಿದೆಯಾ?"

"ಹತ್ತಿರ್ಬೋದು. ನೋಡು."

ಅವಳು ಪಂಚೆಯನ್ನು ಪಕ್ಕಕ್ಕಿಟ್ಟಳು. ಬಸ್ಸು ತಿರುವಿನಲ್ಲಿ ಬಂದು ಉಸಿರು ಬಿಟ್ಟು ಹೋಯಿತು. ಆಮೇಲೆ ಅವಳ ಬೆರಳು ನನ್ನ ಬೈತಲೆಗೆ ತಾಗಿತು, ಕಿವಿಯ ಹಿಂದಕ್ಕೆ ಬಂತು, ನಿಂತಿತು.

ನನ್ನ ತಲೆಯಲ್ಲಿ ಒಂದೂ ಇರಲಿಲ್ಲ. ಅದು ಅವಳಿಗೆ ಬೇಗನೇ ಗೊತ್ತಾಗಿರಬೇಕು. ಆದರೂ ಕತ್ತಲಾಗುವವರೆಗೆ ನೋಡಿದಳು. ಒಂದು ಕಡೆ ಕೂದಲು ಜೋರಾಗಿ ಎಳೆದಳು, ನೋವಾಯಿತು.

ನೋವಾಯಿತು ಎಂದು ಹೇಳಿದೆ.